ಹತ್ತೊಂಬತ್ತನೇ ನಂಬರಿನ ಬೆಲ್ಟು

ಧರ್ಮರಾಜನ ಹತ್ತಿರ ಎರಡು ವಹಿಗಳಿದ್ದವು. ಒಂದು ಕಂಪನಿಯದು, ಇನ್ನೊಂದು ಅವನದು. ಕಂಪನಿಯ ವಹಿಯನ್ನು ದಿನಾ ಮುಂಜಾನೆ ಎಂಟಕ್ಕೆ ಬರೆಯುತ್ತಿದ್ದ, ತನ್ನದನ್ನು ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ. ಎರಡರಲ್ಲೂ ಅಕ್ಷರ ಒಂದೇ ನಮೂನೆ. ದುಂಡಗೆ, ಗೆರೆ ಬಿಟ್ಟು ಏಳದ ಅಕ್ಷರ. ಬರಹ ನೋಡಿ ಯಾವುದರಲ್ಲಿ ನಿಜ ಇದೆ, ಯಾವುದರಲ್ಲಿ ಸುಳ್ಳು ಇದೆ ಎಂದು ಯಾರೂ ಹೇಳುವಂತಿರಲಿಲ್ಲ.

ಅವನು ಅಫಜಲಪುರ ತಾಲೂಕಿನ ಭೀಮಾ ದಂಡೆಯ ಒಂದು ಊರಿನವನು. ಕಲಬುರಗಿಯಲ್ಲಿ ಬಿ.ಎಸ್ಸಿ. ಎರಡು ವರ್ಷ ಓದಿದ. ರಸಾಯನಶಾಸ್ತ್ರ, ಭೌತಶಾಸ್ತ್ರ ಎರಡೂ ಪಾಸಾದವು, ಇಂಗ್ಲಿಷ್ ಮಾತ್ರ ಆಗಲಿಲ್ಲ. ಮೂರು ಸಲ ಕಟ್ಟಿದ, ಮೂರು ಸಲವೂ ಹೋಯಿತು. ಶಿವಪುತ್ರಪ್ಪ ಎಂಬ ಮೇಷ್ಟ್ರು ಅವನ ಮೇಲೆ ಕರುಣೆ ಬಂದು ಒಂದು ಉಪಾಯ ಹೇಳಿಕೊಟ್ಟಿದ್ದರು. "ಲ್ಯಾಬ್‌ನ್ಯಾಗ ಉಪ್ಪು ಟೆಸ್ಟ್ ಮಾಡ್ತೀಯಲ್ಲೋ, ಹಾಂಗ ಶಬ್ದಾನೂ ಟೆಸ್ಟ್ ಮಾಡು. ದಿನಕ್ಕೊಂದು. ಮೂರು ಕಾಲಂ ಹಾಕು: ಅರ್ಥ, ಬಳಕೆ, ಮೂಲ. ಬಳಕೆ ಅಂದ್ರ ಬುಕ್ಕಿನ್ಯಾಂದು ನಕಲು ಮಾಡೂದಲ್ಲ. ಅವತ್ತು ನೀ ಕಣ್ಣಾರೆ ಕಂಡದ್ದು ಬರಿ. ತಾರೀಖ ಹಾಕು."

ಉಪಾಯದಿಂದ ಪರೀಕ್ಷೆ ಪಾಸಾಗಲಿಲ್ಲ, ಆದರೆ ಚಟ ಅಂಟಿಕೊಂಡಿತು. ಸೋದರಮಾವನ ಜೊತೆ ಒಂದು ಬೇಸಿಗೆಯ ಮಟ್ಟಿಗೆ ಎಂದು ಪುಣೆಗೆ ಬಂದವನು ಹತ್ತೊಂಬತ್ತು ವರ್ಷ ಅಲ್ಲೇ ಉಳಿದ. ಮೊದಲು ಇಟ್ಟಿಗೆ ಹೊತ್ತ, ಆಮೇಲೆ ಸೆಂಟ್ರಿಂಗ್ ಹಲಗೆ ಹೊಡೆದ. ಓದುಬರಹ ಬರುತ್ತಿದ್ದುದರಿಂದ ಕಡೆಗೆ ಮೂವತ್ತೊಂದು ಜನರ ತಂಡಕ್ಕೆ ಮುಕಾದಮನಾದ. ಅಪ್ಪಾ ಬಳವಂತ ಚೌಕದ ಫುಟ್‌ಪಾತಿನಲ್ಲಿ ಬೆನ್ನು ಕಿತ್ತ ದೊಡ್ಡ ಡಿಕ್ಷನರಿಯೊಂದು ಸಿಕ್ಕಿತ್ತು. ಪ್ರತಿ ಶಬ್ದದ ಕೊನೆಗೆ ಅದು ಎಲ್ಲಿಂದ ಬಂತು ಎಂಬುದನ್ನೂ ಕೊಡುವಂಥದು. ಅದನ್ನು ಸಿಮೆಂಟಿನ ಖಾಲಿ ಚೀಲದಲ್ಲಿ ಸುತ್ತಿ ಒಂದು ಸೈಟಿನಿಂದ ಇನ್ನೊಂದು ಸೈಟಿಗೆ ಹೊತ್ತೊಯ್ಯುತ್ತಿದ್ದ. "ನನ್ನ ಸವತಿ ಬಂದ್ಳು ನೋಡ್ರಿ, ಹಾಸಿಗಿ ಸರಸ್ರಿ," ಎಂದು ಹೆಂಡತಿ ಅಂಬಾಬಾಯಿ ಅದಕ್ಕೊಂದು ಹೆಸರನ್ನೂ ಇಟ್ಟಿದ್ದಳು.

ಪುಣೆಯ ಕೊಂಢವಾದ ಒಂದು ಸೈಟಿನಲ್ಲಿ ಹನ್ನೊಂದು ಅಂತಸ್ತಿನ ಕಟ್ಟಡ ಏಳುತ್ತಿತ್ತು. ಅದರ ಹಿಂದೆ ಸಾಲಾಗಿ ತಗಡಿನ ಶೆಡ್‌ಗಳಲ್ಲಿ ಇಡೀ ತಂಡದ ವಾಸ. ಸ್ಟೋರಿನಲ್ಲಿ ಸೇಫ್ಟಿ ಬೆಲ್ಟುಗಳು ಹನ್ನೆರಡು ಇದ್ದವು. ಒಂದರಿಂದ ಹನ್ನೆರಡರವರೆಗೆ ಬಿಳಿ ಬಣ್ಣದಲ್ಲಿ ನಂಬರು. ಅಂಚಿನಲ್ಲಿ ಕೆಲಸ ಮಾಡುವವರಿಗೆ ಬೆಲ್ಟು, ಒಳಗೆ ಮಾಡುವವರಿಗೆ ಇಲ್ಲ. ಕೆಲಸ ನಡೆಯುತ್ತಿದ್ದುದು ಹಾಗೆ. ಯಾರಿಗೆ ಯಾವ ಬೆಲ್ಟು ಕೊಟ್ಟಿತು ಎಂದು ಬರೆಯುವ ಕಂಪನಿಯ ವಹಿ ನಡೆಯುತ್ತಿದ್ದ ರೀತಿ ಬೇರೆ. ಸ್ಟೋರ್ ಕೀಪರ್ ಮಲಕಪ್ಪ ಇಂಡಿ ಕಡೆಯವನು, ಮೊದಲ ವಾರವೇ ಅದನ್ನು ಬಿಡಿಸಿ ಹೇಳಿದ್ದ.

"ಧರ್ಮಣ್ಣ, ಹಾಳಿ ಪೂರಾ ತುಂಬಿರಬೇಕಂತಾರ ಸಾಹೇಬ್ರು. ಖಾಲಿ ಮನಿ ಇದ್ರ ಆಡಿಟ್‌ದಾಗ ಕೆಂಪು ಗೆರಿ ಬೀಳ್ತದ."

"ಬೆಲ್ಟ ಹನ್ನೆರಡ ಅವಲ್ಲೋ ಮಾರಾಯ."

"ಮಂದಿ ಮೂವತ್ತೊಂದು ಇದ್ದಾರಿಲ್ಲೊ? ನಂಬರ್ ಮೂವತ್ತೊಂದರ ತನಕ ಹಾಕು. ಹೊಸಾವು ಬರ್ಲಕತ್ತ್ಯಾವ. ಬಂದ ಮ್ಯಾಲ ನೀ ಬರದಿದ್ದು ಖರೇನ ಆಗ್ತದ."

ಹೊಸವು ಬರಲಿಲ್ಲ. ಧರ್ಮರಾಜ ದಿನಾ ಮೂವತ್ತೊಂದು ಹೆಸರು, ಮೂವತ್ತೊಂದು ನಂಬರು ಬರೆದ. ಹೆಬ್ಬೆಟ್ಟು ಒತ್ತಲು ಎಲ್ಲರೂ ದಿನಾ ಸಾಲುಗಟ್ಟಿದರೆ ಅರ್ಧ ತಾಸು ಹೋಗುತ್ತಿತ್ತು, ಮಸಿ ಕೈಯನ್ನು ಮಣ್ಣಿಗೆ ಉಜ್ಜಿ ತೊಳೆಯುವುದು ಬೇರೆ. ಅದಕ್ಕೇ ಸೋಮವಾರ ಮುಂಜಾನೆ ಒಮ್ಮೆಗೇ ಆರು ದಿನದ ಹೆಬ್ಬೆಟ್ಟು ತೆಗೆದುಕೊಳ್ಳುವ ರೂಢಿ ಬಿತ್ತು. ಪ್ರತಿಯೊಬ್ಬನೂ ತನ್ನ ಸಾಲಿನಲ್ಲಿ ಆರು ಸಲ ಟಪಟಪ ಒತ್ತಿ ಹೋಗುತ್ತಿದ್ದ. ತಂಡದವರಿಗೆ ಇದೊಂದು ತಮಾಷೆಯಾಗಿತ್ತು. ಹದಿಮೂರರಿಂದ ಮೂವತ್ತೊಂದರವರೆಗಿನ ಬೆಲ್ಟುಗಳಿಗೆ ಅವರು ವಹಿಬೆಲ್ಟು ಎನ್ನುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗಿಸುತ್ತಿದ್ದವನು ಕಾಶಪ್ಪ. ಧರ್ಮರಾಜನ ಊರಿನವನೇ, ಅವನಿಗಿಂತ ಆರು ವರ್ಷ ಸಣ್ಣವನು. ಅವನ ನಂಬರು ಹತ್ತೊಂಬತ್ತು. "ನಂದು ಭಾಳ ಹಗೂರ ಅದ ಬಿಡ್ರಿ, ಹಾಕ್ಕೊಂಡಿದ್ದ ಗೊತ್ತಾಗಲ್ಲ," ಎಂದು ಖಾಲಿ ಸೊಂಟ ಸವರಿಕೊಳ್ಳುತ್ತಿದ್ದ.

ಎರಡು ಸಾವಿರದ ಇಪ್ಪತ್ತನಾಲ್ಕರ ಅಕ್ಟೋಬರ್ ಒಂಬತ್ತು, ಬುಧವಾರ. ಏಳನೇ ಅಂತಸ್ತಿನಲ್ಲಿ ಹಲಗೆ ಬಿಚ್ಚುವ ಕೆಲಸ ನಡೆದಿತ್ತು. ಕಾಶಪ್ಪ ಅವತ್ತು ಒಳಗಿನ ಕೋಣೆಯಲ್ಲಿದ್ದ. ಹನ್ನೊಂದರ ಚಹಾ ಆದ ಮೇಲೆ ಇಂಜಿನಿಯರ್ ಸಾಹೇಬರು ಕೆಳಗಿನಿಂದ ಕೂಗಿದರು: ಅಂಚಿನ ಮೂಲೆಯಲ್ಲಿ ಸೆಂಟ್ರಿಂಗಿನ ಎರಡು ಕಬ್ಬಿಣದ ಪ್ಲೇಟು ಉಳಿದಿವೆ, ಬೇಗ ಕೆಳಗಿಳಿಸಿ. ಅಂಚಿನವರು ಆ ಹೊತ್ತಿಗೆ ಬೇರೆ ಮಗ್ಗುಲಿಗೆ ಹೋಗಿದ್ದರು. ಎದುರಿಗಿದ್ದವನು ಕಾಶಪ್ಪ.

"ಕಾಶ್ಯಾ, ಆ ಎರಡು ಪ್ಲೇಟ್ ತಗದು ಬಾ," ಎಂದ ಧರ್ಮರಾಜ.

"ಬೆಲ್ಟೋ?"

"ಮಲಕಪ್ಪ ಸ್ಟೋರ್ ಕೀಲಿ ಹಾಕ್ಕೊಂಡು ಹೋಗ್ಯಾನ. ಎರಡ ಪ್ಲೇಟ ಅಲ್ಲೇನೋ."

ಕಾಶಪ್ಪ ನಕ್ಕ. "ಆತು ಬಿಡು, ಹತ್ತೊಂಬತ್ತು ಹಾಕ್ಕೊಂಡ ಹೋಗ್ತೀನಿ. ನೀನಾ ಕೊಟ್ಟೀದಿ, ವಹ್ಯಾಗ ಅದ."

ಮೊದಲನೇ ಪ್ಲೇಟು ಬಂತು. ಎರಡನೆಯದು ಕಾಂಕ್ರೀಟಿಗೆ ಕಚ್ಚಿಕೊಂಡಿತ್ತು. ಸಬ್ಬಲ್ಲು ಹಾಕಿ ಮೀಟಿದಾಗ ಅದು ಒಮ್ಮೆಲೇ ಬಿಟ್ಟುಕೊಂಡು, ಪ್ಲೇಟಿನ ಸಂಗಡ ಅವನೂ ಹೋದ. ಧರ್ಮರಾಜ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ. ಕಬ್ಬಿಣ ಬಿದ್ದ ಸಪ್ಪಳ ಕೇಳಿಸಿತು. ಮನುಷ್ಯ ಬಿದ್ದ ಸಪ್ಪಳ ಅದರಲ್ಲೇ ಸೇರಿಹೋಗಿತ್ತು.

ಧರ್ಮರಾಜ ಆಸ್ಪತ್ರೆಯಿಂದ ತಿರುಗಿ ಬಂದಾಗ ಮಧ್ಯಾಹ್ನ ಮೂರೂವರೆ. ಮಲಕಪ್ಪ ಸ್ಟೋರಿನ ಬಾಗಿಲಲ್ಲೇ ಕಾಯುತ್ತಿದ್ದ. ವಹಿ ತೆರೆದು ತೋರಿಸಿದ. ಕಾಶಪ್ಪನ ಸಾಲಿನಲ್ಲಿ ಆರು ಹೆಬ್ಬೆಟ್ಟುಗಳಿದ್ದವು. ಸೋಮ, ಮಂಗಳ, ಬುಧ. ಮುಂದೆ ಗುರುವಾರ, ಶುಕ್ರವಾರ, ಶನಿವಾರ. ಸತ್ತ ಮನುಷ್ಯ ನಾಳೆ, ನಾಡಿದ್ದು, ಆಚೆ ನಾಡಿದ್ದು ಬೆಲ್ಟು ಇಸಿದುಕೊಂಡಿದ್ದ.

"ಪೋಲೀಸ್ರು ಇದನ್ನ ನೋಡಿದ್ರ ನಾವೆಲ್ಲಾ ಒಳಗ," ಎಂದ ಮಲಕಪ್ಪ. "ಸಾಹೇಬ್ರು ಹೇಳ್ಯಾರ. ಹೊಸಾ ಹಾಳಿ ಬರಿ. ಬುಧವಾರದ ತನಕ ಅಷ್ಟ. ಉಳದವರ ಹೆಬ್ಬೆಟ್ಟು ಈಗ ತಗೋತೀನಿ, ಎಲ್ಲಾರೂ ಇಲ್ಲೇ ಇದ್ದಾರ."

"ಕಾಶ್ಯಾಂದು?"

ಮಲಕಪ್ಪ ಮಸಿಯ ಡಬ್ಬಿ ಮುಂದೆ ಸರಿಸಿದ.

ಧರ್ಮರಾಜ ಹೊಸ ಹಾಳೆ ಬರೆದ. ಕಾಶಪ್ಪನ ಸಾಲಿನಲ್ಲಿ ತನ್ನ ಹೆಬ್ಬೆಟ್ಟನ್ನು ಮೂರು ಸಲ ಒತ್ತಿದ. ಹಳೆಯ ಹಾಳೆಯನ್ನು ಹರಿದು ಅವನ ಕೈಗೇ ಕೊಟ್ಟು, ಒಲೆಗೆ ಹಾಕು ಎಂದ ಮಲಕಪ್ಪ. ಶೆಡ್ಡಿನಲ್ಲಿ ಒಲೆ ಉರಿಯುತ್ತಲೂ ಇತ್ತು. ಆದರೆ ಬರೆದಿಟ್ಟದ್ದನ್ನು ಸುಡುವುದು ಅವನ ಕೈಯಿಂದ ಆಗಲಿಲ್ಲ. ಅದು ಧೈರ್ಯವೇನಲ್ಲ, ಬರೀ ಅಭ್ಯಾಸ. ಪ್ರಯೋಗ ಕೆಟ್ಟರೂ ರೆಕಾರ್ಡ್ ಪುಸ್ತಕದ ಹಾಳೆ ಹರಿಯಬಾರದು ಎಂದು ಕಲಿತವನು ಅವನು. ನಾಲ್ಕು ಮಡಿಕೆ ಮಾಡಿ ತನ್ನ ಶಬ್ದದ ವಹಿಯೊಳಗೆ ತುರುಕಿಟ್ಟ.

ಮಣ್ಣು ಮಾಡಿ ಎಂಟು ದಿನಕ್ಕೆ ಕಾಶಪ್ಪನ ಹೆಂಡತಿ ಅನುಸೂಯಾ ಅದೇ ಸಾಲಿನ ತನ್ನ ಶೆಡ್ಡಿನಿಂದ ಬಂದಳು. ಕೈಯಲ್ಲಿ ಇಂಗ್ಲಿಷಿನ ಮೂರು ಹಾಳೆ. ಕಂಪನಿ ನಡೆಸಿದ ವಿಚಾರಣೆಯ ವರದಿ ಅದು. ಓದಿ ತಿಳಿಸಲಾಗಿದೆ, ಒಪ್ಪಿಗೆ ಇದೆ ಎಂದು ಅವಳು ಸಹಿ ಮಾಡಿಕೊಡಬೇಕಿತ್ತು. ಪರಿಹಾರ ಹೇಗೂ ಬರುತ್ತದೆ, ಸಹಿ ಆದರೆ ಬೇಗ ಬರುತ್ತದೆ ಎಂದು ಆಫೀಸಿನ ಗುಮಾಸ್ತ ಹೇಳಿದ್ದನಂತೆ.

"ದುಡ್ಡು ಬರ್ತದಂತ, ಬರ್ಲಿ. ಇದರಾಗ ಅವರ ಬಗ್ಗೆ ಏನ ಬರದಾರ ಅಂತ ಓದ್ರಿ ಅಣ್ಣಾರ. ಇದೇ ಕಾಗದ ಮೈದುನ ಫೋನಿನ್ಯಾಗ ಯಾರಿಗೋ ತೋರ್ಸ್ಯಾನ. ಈಗ ಊರಾಗ, ಕಾಶಪ್ಪ ಖಬರಿಲ್ಲದ ಮ್ಯಾಲ ಹತ್ತಿದ್ದ, ಕುಡದಿದ್ದ ಅಂಬೋ ತನಕ ಬಂದಾದ. ಫೋನ್ ಮಾಡಿದ್ರ ನನ್ನ ಮಗಳ ಮುಂದೂ ಅಂತಾರ."

ಧರ್ಮರಾಜ ಓದಿದ. ಎರಡನೇ ಹಾಳೆಯ ನಡುವೆ ಇತ್ತು. ಕಾರಣ: ಮೃತ ಕಾರ್ಮಿಕನ ಕಡೆಯಿಂದ ಲ್ಯಾಕ್ ಆಫ್ ಕೇರ್. ಹತ್ತೊಂಬತ್ತನೇ ನಂಬರಿನ ಬೆಲ್ಟ್ ಕೊಡಲಾಗಿತ್ತು, ಧರಿಸಿರಲಿಲ್ಲ. ಆಧಾರ: ವಹಿಯ ಪ್ರತಿ.

"ಎಚ್ಚರಿಕಿ ಕಮ್ಮಿ ಇತ್ತು ಅಂತ ಬರದಾರ," ಎಂದ.

"ಯಾರಿಗಿ?"

"...ಕಾಶಪ್ಪಗ."

ಅನುಸೂಯಾ ಅವನ ಮುಖವನ್ನೇ ನೋಡಿದಳು. "ಅವ್ರಿಗಾ? ಗ್ಯಾಸ್ ಬಂದ್ ಮಾಡಿದ ಮ್ಯಾಲ ಮೂರು ಸಲ ಎದ್ದು ಮುಟ್ಟಿ ನೋಡಾಂವ್ರು. ರಸ್ತಾ ದಾಟಬೇಕಾದ್ರ ನನ್ನ ಕೈ ಹಿಡಕೊಂಡ ನಿಲ್ಲಾಂವ್ರು. ಬೆಲ್ಟ ಕೊಟ್ರೂ ಹಾಕ್ಕೋಲಿಲ್ಲಂತೇನು?"

"ಹಾಂಗಂತ ಬರದಾರ."

"ಬರದಾರ, ಬರದಾರ. ಬರದಾಂವ ಯಾರು ಅಣ್ಣಾರ? ನೀವ ಅಲ್ಲೇ ಇದ್ರಿ. ಕೊಟ್ಟಿದ್ರೋ ಇಲ್ಲೋ?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಅವಳು ಹಾಳೆಗಳನ್ನು ಅವನ ಮುಂದೆಯೇ ಬಿಟ್ಟು ಎದ್ದಳು. "ನಾಳೆ ಬರ್ತೀನಿ. ಸರೀ ನೋಡಿ ಹೇಳ್ರಿ. ನೀವು ಹೂಂ ಅಂದ್ರ ಸಹಿ ಮಾಡ್ತೀನಿ. ಊರಾಗಿನ ಮಾತೂ ಖರೇ ಅಂತ ತಿಳಕೋತೀನಿ."

ಮರುದಿನ ಮಧ್ಯಾಹ್ನ, ರೊಟ್ಟಿ ತಿನ್ನದೆ, ಧರ್ಮರಾಜ ತನ್ನ ವಹಿ ತೆಗೆದ. ಆ ಶಬ್ದವನ್ನು ಎಂದೋ ಬರೆದ ನೆನಪಿತ್ತು. ಆಗಸ್ಟ್ ಹದಿನಾಲ್ಕರ ಹಾಳೆಯಲ್ಲಿ ಸಿಕ್ಕಿತು.

ಲ್ಯಾಕ್. ಅರ್ಥ: ಇಲ್ಲದಿರುವುದು, ಬೇಕಾದಷ್ಟು ಇಲ್ಲದಿರುವುದು, ಕೊರತೆ. ಬಳಕೆಯ ಕಾಲಮ್ಮಿನಲ್ಲಿ ಅವನದೇ ಇಂಗ್ಲಿಷ್ ವಾಕ್ಯ ಇತ್ತು, ಮೇಷ್ಟ್ರು ಹೇಳಿದಂತೆ ಅವತ್ತು ಕಂಡದ್ದು: ನಮ್ಮ ಸೈಟಿನಲ್ಲಿ ಬೆಲ್ಟುಗಳ ಕೊರತೆ ಇದೆ, ಜನ ಮೂವತ್ತೊಂದು, ಬೆಲ್ಟು ಹನ್ನೆರಡು. ಪಕ್ಕಕ್ಕೆ ತಾರೀಖು.

ಮೂರನೇ ಕಾಲಮ್ಮಿನಲ್ಲಿ ಡಿಕ್ಷನರಿಯಿಂದ ಇಳಿಸಿಕೊಂಡದ್ದು. ಈ ಶಬ್ದದ ಬಳಗ ಹಳೆಯ ಡಚ್, ಜರ್ಮನ್ ಕಡೆಯದು. ಅಲ್ಲಿ ಅದಕ್ಕೆ ದೋಷ ಎಂಬ ಅರ್ಥವೂ ಇತ್ತು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಇದೇ ಶಬ್ದ ತಪ್ಪು ಹುಡುಕು, ದೂಷಿಸು ಎನ್ನಲೂ ಬರುತ್ತಿತ್ತು. ಬರಬರುತ್ತಾ ದೂಷಣೆ ಸವೆದುಹೋಗಿ, ಇಲ್ಲ ಎಂಬುದಷ್ಟೇ ಉಳಿಯಿತು.

ಆಗಸ್ಟಿನಲ್ಲಿ ಇದನ್ನು ಬರೆದು, ಕೈ ತೊಳೆದುಕೊಂಡು ಕೆಲಸಕ್ಕೆ ಹೋಗಿದ್ದ. ಈಗ ಎರಡು ಸಲ ಓದಿದ. ಶಬ್ದ ನಾನೂರು ಐನೂರು ವರ್ಷ ನಡೆದು ಕಳಚಿಕೊಂಡ ದೂಷಣೆಯನ್ನು ಕೊಂಢವಾದಲ್ಲಿ ಎಂಟು ದಿನಕ್ಕೆ ತಿರುಗಿ ಅದರ ಮೈಗೆ ಹಚ್ಚಿದ್ದರು. ಸ್ಟೋರಿನಲ್ಲಿ ಹತ್ತೊಂಬತ್ತು ಬೆಲ್ಟು ಇರಲಿಲ್ಲ. ಆ ಇಲ್ಲದ್ದನ್ನು ಕಾಶಪ್ಪನ ತಪ್ಪು ಎಂದು ಮಾಡಿದ್ದರು. ಮಾಡಲು ಬೇಕಾದ ಸಾಮಾನೆಲ್ಲ ಇವನೇ ಒದಗಿಸಿದ್ದ, ದುಂಡಗಿನ ಅಕ್ಷರದಲ್ಲಿ.

ಅಂಬಾಬಾಯಿ ಬಾಗಿಲಲ್ಲಿ ಬುಟ್ಟಿ ಇಳಿಸಿ ನಿಂತಿದ್ದಳು. ಮಡಿಸಿದ ಹಾಳೆಯನ್ನು ಅವನು ಬಿಚ್ಚಿದ್ದನ್ನು ನೋಡಿದಳು. ವಹಿಯ ಸುಳ್ಳು ಅವಳಿಗೆ ಗೊತ್ತಿತ್ತು. ಅವನ ಬೆರಳಿನ ಮಸಿ ಅವಳೇ ಸೋಪು ಹಚ್ಚಿ ತಿಕ್ಕಿದ್ದಳು.

"ಹೇಳ್ತೀರೇನು?"

"ಹೇಳಿದ್ರ ಕೆಲಸ ಹೋಗ್ತದ. ಈ ಶೆಡ್ಡೂ ಹೋಗ್ತದ. ಮೂವತ್ತು ಮಂದೀದು."

"ನನ್ನ ಸವತೀನ ಕೇಳಿದ್ದಿಲ್ಲ ನಾ. ನಿಮ್ಮನ್ನ ಕೇಳ್ಲಕತ್ತೀನಿ."

"ನಾನಾ ಕಳಿಸ್ದೆ ಅಂಬಾ. ಎರಡ ಪ್ಲೇಟ ಅಂದೆ."

ಆ ಮಾತನ್ನು ಅವನು ಅಲ್ಲಿಯವರೆಗೆ ಅವಳಿಗೂ ಹೇಳಿರಲಿಲ್ಲ. ಅವಳು ಬುಟ್ಟಿ ಬದಿಗೆ ಸರಿಸಿ ಒಳಗೆ ಬಂದು ಕೂತಳು. ಅಂದಳು, "ಅನುಸೂಯಾ ದಿನಾ ನಳದ ಕಡೆ ಬರ್ತಾಳ. ನನ್ನ ಕೊಡಾನೂ ತುಂಬಿ ಕೊಡ್ತಾಳ. ಒಂದು ದಿನ ಆದ್ರೂ ಆ ನೀರು ನನ್ನ ಗಂಟಲದಾಗ ಇಳದದ ಅಂತ ತಿಳದೀರೇನು?"

ಅನುಸೂಯಾ ಬಂದಾಗ ಅವನು ಹಳೆಯ ಹಾಳೆಯನ್ನು ನೆಲದ ಮೇಲೆ ಹರವಿಟ್ಟ. ಇದು ಕಾಶಪ್ಪನ ಹೆಬ್ಬೆಟ್ಟು, ಆರು. ವರದಿಗೆ ಅಂಟಿಸಿದ ಹಾಳೆಯಲ್ಲಿರುವುದು ತನ್ನದು, ಮೂರು. ಹತ್ತೊಂಬತ್ತನೇ ಬೆಲ್ಟು ಎಂಬುದು ಇರಲೇ ಇಲ್ಲ. ಮೂಲೆಗೆ ಕಳಿಸಿದವನು ತಾನು. ಒಂದೊಂದೇ, ಕ್ರಮವಾಗಿ, ಏನೂ ಬಿಡದೆ ಹೇಳಿದ. ಹೇಳುವಾಗ ದನಿ ಒಮ್ಮೆಯೂ ಏರಲಿಲ್ಲ.

ಅವಳು ಅಳಲಿಲ್ಲ. ಆರು ಹೆಬ್ಬೆಟ್ಟುಗಳ ಮೇಲೆ ಬೆರಳು ಸರಿಸಿ, ಕೊನೆಯ ಮೂರರ ಮೇಲೆ ನಿಲ್ಲಿಸಿದಳು. "ಇವು ಅವರು ಹೋದ ಮ್ಯಾಲಿನ ದಿನದವಾ?"

"ಹೌದವ್ವಾ."

"ಎಂಟ ದಿನ ನಮ್ಮನ್ಯಾಗ ಕೂತು ಎದ್ರಿ. ನನ್ನ ಮಗಳ ತಲಿ ಮ್ಯಾಲ ಕೈ ಆಡಿಸಿದ್ರಿ. ಅದ ಕೈ ಅಲ್ಲೇನು?" ಎದ್ದು ನಿಂತಳು. "ನಡ್ರಿ. ಚೌಕಿಗೆ ನಡ್ರಿ. ನನ್ನ ಮುಂದ ಹೇಳಿದ್ದು ಅಲ್ಲಿ ಹೇಳ್ರಿ."

ಪೋಲೀಸ್ ಚೌಕಿಯಲ್ಲಿ ಹೆಣ್ಣುಮಗಳೊಬ್ಬಳು ಅಧಿಕಾರಿ. ಎರಡೂ ಹಾಳೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಶಬ್ದದ ವಹಿ ತಿರುವಿ, ಇದೇನು ಇಂಗ್ಲಿಷ್ ಅಭ್ಯಾಸವೇ ಎಂದು ಮರಾಠಿಯಲ್ಲಿ ಕೇಳಿದಳು. ಹೌದು, ಬಳಕೆಯ ವಾಕ್ಯ ದಿನಾ ಕಂಡದ್ದನ್ನೇ ಬರೆಯುತ್ತೇನೆ ಎಂದ. "ಕಂಪನಿ ವಹಿಯಲ್ಲೂ ಕಂಡದ್ದನ್ನೇ ಬರೆಯಬಹುದಿತ್ತಲ್ಲ," ಎಂದಳು. ಆಮೇಲೆ ಮಸಿಯ ಡಬ್ಬಿ ತರಿಸಿ ಅವನ ಹೆಬ್ಬೆರಳನ್ನು ತಾನೇ ಹಿಡಿದು ಒತ್ತಿಸಿಕೊಂಡಳು.

ಮೂರನೇ ದಿನ ಸೈಟಿಗೆ ಒಂದು ಟೆಂಪೋ ಬಂತು. ಅದರಲ್ಲಿ ಕಿತ್ತಳೆ ಬಣ್ಣದ ಹೊಸ ಬೆಲ್ಟುಗಳಿದ್ದವು, ಮೂವತ್ತೊಂದು. ಹತ್ತೊಂಬತ್ತನೇ ನಂಬರಿನದೂ ಇತ್ತು.

ಇಂಜಿನಿಯರ್, ಮಲಕಪ್ಪ, ಧರ್ಮರಾಜ, ಮೂವರ ಮೇಲೂ ಕೇಸು ಬಿತ್ತು. ಇಂಜಿನಿಯರನಿಗೆ ಅವತ್ತೇ ಜಾಮೀನು ಸಿಕ್ಕಿತು. ಉಳಿದಿಬ್ಬರಿಗೆ ಜಾಮೀನು ನಿಲ್ಲುವವರು ಸಿಗುವವರೆಗೆ ಹನ್ನೊಂದು ದಿನ ಯೆರವಡಾ ಜೈಲು. ಮಲಕಪ್ಪ ಅಲ್ಲಿ ಅವನ ಜೊತೆ ಮಾತಾಡಲಿಲ್ಲ. ಕೊನೆಯ ದಿನ ಮಾತ್ರ, ತಾಟು ತೊಳೆಯುತ್ತ, "ಒಲಿಗಿ ಹಾಕು ಅಂದಿದ್ದೆ," ಎಂದ. ಹೊರಬರುವ ಹೊತ್ತಿಗೆ ಶೆಡ್ಡುಗಳು ಖಾಲಿಯಾಗಿದ್ದವು, ತಂಡ ಒಡೆದು ನಾಲ್ಕು ದಿಕ್ಕಿಗೆ ಹೋಗಿತ್ತು. ಯಾರೂ ಅವನಿಗೆ ಫೋನ್ ಮಾಡಲಿಲ್ಲ. ಅಂಬಾಬಾಯಿ ಡಿಕ್ಷನರಿಯನ್ನು ಚೀಲದಲ್ಲಿ ಸುತ್ತಿ ತನ್ನ ತಲೆಯ ಮೇಲೆಯೇ ಹೊತ್ತು ಯೆರವಡಾದ ಒಂದು ವಠಾರಕ್ಕೆ ತಂದಿದ್ದಳು. ಶಬ್ದದ ವಹಿ ಪೋಲೀಸರ ಹತ್ತಿರ ಉಳಿಯಿತು. ಅವನೀಗ ಒಂದು ಗೋದಾಮಿನಲ್ಲಿ ಮೂಟೆ ಇಳಿಸುತ್ತಾನೆ. ಮುಕಾದಮ ಎಂದು ಯಾರೂ ಕರೆಯುವುದಿಲ್ಲ. ಕೋರ್ಟಿನ ತಾರೀಖಿಗೆ ತಪ್ಪದೆ ಹೋಗುತ್ತಾನೆ.

ಹೊಸ ವರದಿ ಫೆಬ್ರವರಿಯಲ್ಲಿ ಬಂತು. ಸರಕಾರಿ ಇನ್ಸ್‌ಪೆಕ್ಟರ್ ಬರೆದದ್ದು. ಕಾರಣ: ಲ್ಯಾಕ್ ಆಫ್ ಸೇಫ್ಟಿ ಬೆಲ್ಟ್ಸ್. ಮೃತನ ಕಡೆಯಿಂದ ಯಾವ ತಪ್ಪೂ ಕಂಡುಬಂದಿಲ್ಲ. ವಹಿಯನ್ನು ತಿದ್ದಿದವರ ಹೆಸರುಗಳು ಕೆಳಗೆ.

ವರದಿ ಬರುವ ತನಕ ಪುಣೆಯಲ್ಲೇ ಉಳಿದಿದ್ದ ಅನುಸೂಯಾ, ಮಗಳನ್ನು ಕರೆದುಕೊಂಡು ಊರಿಗೆ ಹೊರಡುವ ದಿನ ಅಂಬಾಬಾಯಿಗೆ ಫೋನ್ ಮಾಡಿ, ಅವರನ್ನ ಸ್ವಾರಗೇಟಿಗೆ ಕಳಿಸ್ರಿ, ಕೆಲಸ ಅದ, ಎಂದಷ್ಟೇ ಹೇಳಿದಳು. ಮಧ್ಯಾಹ್ನದ ಬಿಸಿಲಿಗೆ ಬಸ್ ಸ್ಟ್ಯಾಂಡಿನ ಡಾಂಬರು ಮೆತ್ತಗಾಗಿತ್ತು. ಟ್ರಂಕಿನ ಮೇಲೆ ಕೂತಿದ್ದ ಅವಳು ವರದಿಯ ಹಾಳೆಯ ಖಾಲಿ ಬೆನ್ನನ್ನು ಮೇಲೆ ಮಾಡಿ ಅವನ ಮುಂದೆ ಹಿಡಿದಳು.

"ಊರಾಗ ಇಂಗ್ಲಿಷ್ ಓದಾಂವ ಒಬ್ಬನ ಅದಾನ, ಅಂವ ಏನ ಬೇಕಾದ್ದು ಓದ್ತಾನ. ನೀವು ಕನ್ನಡದಾಗ ಬರೀರಿ. ನಂಗ ಓದೂ ಹಾಂಗ."

ಧರ್ಮರಾಜ ಟ್ರಂಕಿನ ಅಂಚಿಗೆ ಹಾಳೆ ಇಟ್ಟು ಬರೆದ. ಅಕ್ಷರ ಮೊದಲಿನಷ್ಟೇ ದುಂಡಗೆ ಬಂತು. ಬರೆದು ಕೊಟ್ಟ. ಅವಳು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಮಗಳಿಗೆ ಕೇಳಿಸುವಂತೆ ಓದಿದಳು.

"ಕಾಶಪ್ಪನಿಗೆ ಬೆಲ್ಟು ಕೊಟ್ಟಿರಲಿಲ್ಲ. ಬೆಲ್ಟು ಇರಲೇ ಇಲ್ಲ. ಕೊಟ್ಟಿದ್ದೇವೆ ಎಂದು ಬರೆದವನು ನಾನು. ಅಂಚಿಗೆ ಕಳಿಸಿದವನೂ ನಾನು. ಅವನು ಕುಡಿದಿರಲಿಲ್ಲ. ಅವನ ತಪ್ಪು ಇಲ್ಲ."

ಕೆಳಗೆ ಅವನ ಹೆಸರು, ತಾರೀಖು, ಸಹಿ.

"ಅಂಚಿಗೆ ಕಳಿಸಿದ್ದು ಆ ಇಂಗ್ಲಿಷಿನ್ಯಾಗ ಅದ ಏನು?" ಎಂದು ಕೇಳಿದಳು.

"ಇಲ್ಲವ್ವಾ. ಹೇಳಿಕಿ ಕೊಟ್ಟೀನಿ. ಅವರು ಬರದಿಲ್ಲ."

ಅವಳು ತಲೆಯಾಡಿಸಿದಳು. ಆಮೇಲೆ ಸಹಿಯ ಮೇಲೆ ಬೆರಳಿಟ್ಟಳು. "ಇದು ಸಾಲಂಗಿಲ್ಲ. ಅವರ ಸಾಲಿನ್ಯಾಗ ಒತ್ತಿದ್ರಲ್ಲ, ಆ ಬೆರಳ ಇಲ್ಲಿ ಒತ್ರಿ."

ಎದುರಿನ ಪಾರ್ಸಲ್ ಕಚೇರಿಯಲ್ಲಿ ಶಿಕ್ಕಾ ಹೊಡೆಯುವ ಮಸಿಯ ಡಬ್ಬಿ ಇತ್ತು. ಧರ್ಮರಾಜ ಕೇಳಿ ಇಸಿದುಕೊಂಡು ಬಂದ. ಹೆಬ್ಬೆರಳನ್ನು ಅದ್ದಿ, ತನ್ನ ಹೆಸರಿನ ಪಕ್ಕಕ್ಕೆ ಒತ್ತಿದ. ಕಲಬುರಗಿಯ ಬಸ್ಸಿನ ಇಂಜಿನು ಆಗಲೇ ಚಾಲೂ ಆಗಿತ್ತು. ಕಂಡಕ್ಟರ್ ಬಾಗಿಲು ಬಡಿದು ಕೂಗಿದ. ಮಗಳು ಟ್ರಂಕಿನ ಹಿಡಿಕೆಗೆ ಕೈ ಹಾಕಿದಳು.

"ತಡಿ," ಎಂದಳು ಅನುಸೂಯಾ. ಹಾಳೆಯನ್ನು ಬಿಸಿಲಿಗೆ ಹಿಡಿದು ನಿಂತಳು. ಮಸಿ ಹಸಿ ಇದ್ದಾಗ ಮಡಚಿದರೆ ಕಲಸಿಹೋಗುತ್ತದೆ.